ಪಕ್ಕದ ಮನೆಯ ಆಶಿ

ಆರ್.ಎಚ್. ಕ್ಯಾಂಪ್, ಸಿಂಧನೂರು

ಲಿಂಗಸುಗೂರಿನ ನನ್ನ ಅವ್ವನಿಗೆ,

ಇಲ್ಲಿ ಸುತ್ತಲೂ ಭತ್ತದ ಗದ್ದೆ, ನಿರಾಶ್ರಿತರಾಗಿ ಬಂದು ನೆಲೆಸಿದವರ ಕ್ಯಾಂಪಾದ್ದರಿಂದ ಮನೆಮನೆಯಲ್ಲೂ ಬಂಗಾಳಿ ಮಾತು. ಬಂದ ದಿನವೇ ಪಕ್ಕದ ಮನೆಯವರು ಪಾಯಸ ಕೊಟ್ಟು, ಹೊರಡುವಾಗ ‘ಆಶಿ’ ಎಂದರು. ಹೆಸರು ಹೇಳಿದರೆಂದುಕೊಂಡು ವಾರವಿಡೀ ‘ಆಶಿ ಅಕ್ಕಾ’ ಎಂದೇ ಕರೆದೆ. ನಿನ್ನೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನನ್ನ ಹೆಸರು ಮಿನತಿ ರೀ ಟೀಚರ್. ಆಶಿ ಅಂದ್ರ ಬರ್ತೀನಿ ಅಂತ. ಹೊಂಟಾಗ ಹೋಗ್ತೀನಿ ಅನಬಾರ್ದು ನಮ್ಮಾಗ.”

ನಮ್ಮಲ್ಲೂ ಹಾಗೇ ಅಲ್ಲವೇ? ಈ ನೌಕರಿ ಬೇಕೋ ಬೇಡವೋ ಎಂಬ ಗೊಂದಲದಲ್ಲಿ, ಬಸ್ ಹತ್ತುವಾಗ ನಿನಗೆ ಬರೀ ‘ಹೋಗ್ತೀನಿ’ ಎಂದುಬಿಟ್ಟೆ. ನಿನ್ನ ಮುಖ ಸಪ್ಪಗಾಗಿದ್ದು ಈಗಲೂ ಕಣ್ಣಮುಂದಿದೆ. ಗೊಂದಲ ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಚೆನ್ನಾಗಿ ಬರುತ್ತಿದೆ. ಅನ್ನ ಉಂಡುಂಡು ದಪ್ಪಗಾಗಿದ್ದೇನೆ. ಈ ಕಡೆ ಬರುವವರ ಕೈಯಲ್ಲಿ ಜೋಳದ ಹಿಟ್ಟು ಕಳಿಸು. ಶಾಲೆಯ ಗಂಟೆ ಹೊಡೆಯಿತು.

ಆಶಿ, ಅವ್ವಾ.

ಗಾಯತ್ರಿ