ಸಮಾಧಿಯ ಹಿಂದಿನ ಲೈಟ್‌ಹೌಸ್

ಚರ್ಚಿನ ಹಿಂಗೋಣೆ,
ನವೆಂಬರ್ ೯, ಶನಿವಾರ ಬೆಳಿಗ್ಗೆ

ನನ್ನ ಪ್ರೀತಿಯ ಅಕ್ಕಾ,

ನಿನ್ನ ಬೆರಳುಗಳ ಹಳೆಯ ಊತ ಈಗಲಾದರೂ ಇಳಿಯಿತೇ? ಸೂಜಿ ಹಿಡಿಯಲು ಬರುತ್ತಿದೆಯೇ? ಕಾನ್ವೆಂಟಿನ ಸಿಸ್ಟರ್ ಒಪ್ಪಿಸಿದ ಬಲಿಪೀಠದ ವಸ್ತ್ರಕ್ಕೆ ದ್ರಾಕ್ಷಿಬಳ್ಳಿ ಏರಿಸಿದೆಯಾ, ಇನ್ನೂ ಬೇರಲ್ಲೇ ಕೂತಿದ್ದೀಯಾ? ನಾನು ಗಟ್ಟಿಯಾಗಿದ್ದೇನೆ, ಏಣಿಯ ಮೇಲೆ ನಿಂತು ನಿಂತು ಕುತ್ತಿಗೆ ಮಾತ್ರ ಕೊಕ್ಕರೆಯದಾಗಿದೆ.

ಅಕ್ಕಾ, ನಮ್ಮ ಚರ್ಚಿನ ಬಲಗೋಡೆಯ ಚಿತ್ರ ಮುಗಿಯಿತು. ಹೋದ ಭಾನುವಾರ ಫಾದರ್ ಬಟ್ಟೆ ಸರಿಸಿದಾಗ, ಅಪ್ಪನ ನಾಟಕ ಕಂಪನಿಯಲ್ಲಿ ಮುಂದಿನ ಪರದೆ ಮೇಲೇರಿದಾಗ ಆಗುತ್ತಿತ್ತಲ್ಲ, ಅಂಥ ನಿಶ್ಶಬ್ದ. ಖಾಲಿ ಸಮಾಧಿಯ ಮುಂದೆ ಹೆಂಗಸರ ಸಾಲು; ಒಬ್ಬೊಬ್ಬರಿಗೂ ನಮ್ಮ ಸಭೆಯ ಹೆಂಗಸರದೇ ಮುಖ. ನೆಲ ಒರೆಸುವ ದೊಡ್ಡಮ್ಮ ತನ್ನನ್ನು ತಾನೇ ನೋಡಿಕೊಂಡು, "ನನ್ ಮೂಗು ದಪ್ಪ ಅಂತ ದೇವರಿಗೆ ಗೊತ್ತಿತ್ತು, ನೀನ್ಯಾಕಮ್ಮ ಊರಿಗೆಲ್ಲ ಸಾರಿದೆ?" ಅಂದಳು. ಅಂದವಳೇ ಕಣ್ಣೊರೆಸಿಕೊಂಡಳು. ಹೆಸರು ಹಾಕು ಎಂದರು ಫಾದರ್. ಎಷ್ಟೋ ಪರದೆ ಬರೆದ ನಾನು ಎಂದೂ ಹೆಸರು ಹಾಕಿದವಳಲ್ಲ. ಕುಂಚ ಅದ್ದಿದಾಗ, ನನ್ನನ್ನು ಕರೆದ ಕರ್ತನು ಇದೇ ಕೈಯನ್ನು ನೋಡಿ ಕರೆದ ಎಂದು ಮನಸ್ಸಿಗೆ ನಾಟಿತು.

ಎಲ್ಲರಿಗಿಂತ ಮುಂದೆ ನಿಂತ ಮಗ್ದಲದ ಮರಿಯಳಿಗೆ ನಿನ್ನ ಮುಖ. ಮುಖದಿಂದ ಕೆಡುಕಿರಲಿಲ್ಲ, ತಂಗಿಯಾದವಳು ಅಕ್ಕನನ್ನು ಬರೆಯುವುದು ಹೊಸತೇ? ಆದರೆ ಪುನರುತ್ಥಾನದ ಬೆಳಗು ಎಷ್ಟು ತಿಣುಕಿದರೂ ನನಗೆ ಹತ್ತಲಿಲ್ಲ. ಅಂಥ ಬೆಳಗನ್ನು ನಾನು ಕಂಡದ್ದು ಒಂದೇ ಕಡೆ: ಬೇಸಿಗೆಯಲ್ಲಿ ಗುಟ್ಟಾಗಿ ಬಂದು ನೀನು ಅಡಗಿರುವ ಕೋಣೆಯಲ್ಲಿ ಮಲಗಿ ಎದ್ದಾಗ, ನಿನ್ನ ಕಿಟಕಿಯಲ್ಲಿ. ಅದನ್ನೇ ಬರೆದೆ. ಕಣ್ಣು ಕಂಡದ್ದನ್ನು ಕೈ ಬಿಡಲಿಲ್ಲ: ಕಡಲು, ಕೆಂಪು ಪಟ್ಟೆಯ ಲೈಟ್‌ಹೌಸ್, ಅದರ ಬುಡದ ಮುರಿದ ಸೇತುವೆ, ಎಲ್ಲವೂ ಗೋಡೆಗೆ ಬಂದವು.

ನಿನ್ನೆ ಮಧ್ಯಾಹ್ನ ಭಾವ ಬಂದ. ನಿನ್ನ ಕಸೂತಿಯ ಚೌಕಟ್ಟನ್ನು ಒಲೆಗಿಟ್ಟು, ನಿನ್ನ ಬೆರಳನ್ನು ಬಾಗಿಲಸಂದಿಗೆ ಕೊಟ್ಟ ಆ ಮಹಾಶಯ, ಟೋಪಿ ತೆಗೆದು, ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಂಡ. ಗದರಲಿಲ್ಲ, ಗೋಡೆಗೆ ಉಗಿಯಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದ: "ಅಲ್ಲಮ್ಮಾ, ಯೇಸುಸ್ವಾಮಿ ಸಮಾಧಿ ಹತ್ರ ಲೈಟ್‌ಹೌಸ್ ಇತ್ತಾ?"

ನಾನು ನಕ್ಕೆ. ಅವನೂ ನಕ್ಕ. ಕಡಲದಾರಿಯಲ್ಲೆಲ್ಲ ಲಾರಿ ಓಡಿಸಿದವನಿಗೆ ಆ ಸೇತುವೆ ಯಾವುದೆಂದು ಹೇಳಿಕೊಡಬೇಕೇ? ಹೋಗುವಾಗ ಚಿತ್ರಕ್ಕೆ ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋದ. ಬಣ್ಣ ಬಳಿದು ಮುಚ್ಚಿಬಿಡಲೇ ಎಂದು ಫಾದರ್ ಕೇಳಿದರು. ಕಂಡದ್ದನ್ನು ಅವನ ತಲೆಯಿಂದ ಯಾವ ಸುಣ್ಣ ಅಳಿಸೀತು? ಗೋಡೆ ಹಾಗೇ ಇರಲಿ ಎಂದೆ.

ನಿನ್ನ ಕೈಗಳನ್ನು ಕರ್ತನು ತನ್ನ ಕೈಯಲ್ಲಿ ಹಿಡಿದುಕೊಳ್ಳಲಿ. ದೊಡ್ಡಮ್ಮ ನಿನಗೊಂದು ಮುತ್ತು ಕಳಿಸಿದ್ದಾಳೆ.

ನಿನ್ನ ಬೆನ್ನಿಗೆ ಬಿದ್ದವಳು,
ಚಿಕ್ಕಿ

ಮರೆತೆ ಎನ್ನಬೇಡ, ಅಂಜಿ ಕಡೆಗಿಟ್ಟೆ: ಹೊರಗೆ ಅವನ ಲಾರಿ ಹಾರ್ನ್ ಹೊಡೆಯುತ್ತಿದೆ. ನಿನ್ನನ್ನು ರಾಜಿ ಮಾಡಿ ಕರೆತರಲು ನಾನೂ ಜೊತೆಗೆ ಬರಬೇಕಂತೆ. ಹತ್ತುತ್ತೇನೆ. ಹೊಟ್ಟೆನೋವೆಂದು ದಾರಿಯುದ್ದಕ್ಕೂ ಉರುಳಾಡಿ ಲಾರಿ ನಿಲ್ಲಿಸಿ ತಡಮಾಡುತ್ತೇನೆ, ಅಪ್ಪನ ಮಗಳಲ್ಲವೇ. ಈ ಕಾಗದ ತಂದ ನರ್ಸಮ್ಮನ ಕಾರಿನಲ್ಲಿ ಈಗಲೇ ಕೂತು ಕಾನ್ವೆಂಟಿಗೆ ಹೋಗು. ಅಲ್ಲಿ ಬಾಗಿಲಾಚೆ ನನ್ನ ದನಿ ಕೇಳಿಸಿದರೂ, ಅಳು ಕೇಳಿಸಿದರೂ, ತೆಗೆಯಬೇಡ.