ಮುಳುಗುಪಾಲು

ಗಂಗೊಳ್ಳಿ ಮೇಲ್ದಂಡೆ,
ಫೆಬ್ರವರಿ ೩೦, ೨೨೩೧

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ಅದೊಂದೇ ತಿಂಗಳಿಗೆ ಯಾಕೆ ಮಲತಾಯಿ ಧೋರಣೆ ಎಂದು ಯಾರೋ ಕೇಸು ಹಾಕಿ ಗೆದ್ದರಂತೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಬಂದ ಬ್ಯಾಂಕ್ ನೋಟಿಸುಗಳಿಂದ ಮತ್ತು ಮದುವೆಯ ಕರೆಯೋಲೆಗಳಿಂದ. ಹಾಗಾಗಿ ಒಂದು ಸಾಲು ಗದರಿಸಿದಂತೆಯೂ ಮುಂದಿನ ಸಾಲು ಸಕುಟುಂಬ ಸಪರಿವಾರ ಕರೆದಂತೆಯೂ ಇದ್ದರೆ ತಪ್ಪು ನನ್ನದಲ್ಲ.

ನಾನು ತಾರಿಣಿ ಕುಂದರ್, ಇಪ್ಪತ್ತೇಳು ವರ್ಷ, ಗಂಗೊಳ್ಳಿ–ಭಟ್ಕಳ ನೀರುಬಸ್ಸಿನ ನಡೆಸುಗಾತಿ. ನೀವು ಹೆದ್ದಾರಿ ಎಂದು ಕರೆದು ವರ್ಷಗಟ್ಟಲೆ ಅಗಲ ಮಾಡುತ್ತಿದ್ದ ರಸ್ತೆ ಈಗ ಸಮುದ್ರದ ಪಾಲಾಗಿದೆ. ಅಗಲದ ಸಮಸ್ಯೆ ಸಂಪೂರ್ಣವಾಗಿ ಬಗೆಹರಿದಿದೆ. ಅದೇ ದಾರಿಯಲ್ಲಿ ಈಗ ಎರಡು ಅಂತಸ್ತಿನ ಹಡಗುಗಳು ಓಡುತ್ತವೆ, ಅವೇ ನೀರುಬಸ್ಸುಗಳು. ಮೀನು ಮಾರುವವರು, ಶಾಲೆಯ ಮಕ್ಕಳು, ಕೋರ್ಟಿಗೆ ಹೋಗುವ ವಕೀಲರು, ವಾಂತಿ ಮಾಡುವವರಿಗೆಂದೇ ಹಿಂದೆ ಒಂದು ಬೆಂಚು. ಆ ಬೆಂಚಿನಲ್ಲಿ ಸಾಮಾನ್ಯವಾಗಿ ವಕೀಲರೇ ಇರುತ್ತಾರೆ. ಕಿಟಕಿ ಸೀಟಿಗೆ ಟವೆಲ್ ಹಾಕಿ ಹಿಡಿದಿಡುವ ಪದ್ಧತಿ ನಿಮ್ಮಿಂದಲೇ ಬಂದದ್ದೆಂದು ಕೇಳಿದ್ದೇನೆ. ಅದಕ್ಕೆ ಇವತ್ತಿಗೂ ಚ್ಯುತಿ ಬಂದಿಲ್ಲ.

ಈ ಪತ್ರಕ್ಕೆ ಕಾರಣ ಶಾಲೆಯಲ್ಲಿ ಓದಿದ ಒಂದು ಪಾಠ. ನಿಮ್ಮ ಕಾಲದಲ್ಲಿ ಹಡಗಿನ ಕೆಲಸಕ್ಕೆ ಹೋಗುವವರು ತರಬೇತಿಗೆ ತಾವೇ ಹಣ ಕಟ್ಟುತ್ತಿದ್ದರು, ಪ್ರಮಾಣಪತ್ರಕ್ಕೆ ತಾವೇ, ಕಣ್ಣು ಕಿವಿ ಪರೀಕ್ಷೆಗೆ ತಾವೇ, ಕಲಿತದ್ದು ಮರೆತಿಲ್ಲವೆಂದು ಕೆಲವು ವರ್ಷಕ್ಕೊಮ್ಮೆ ತೋರಿಸಲೂ ತಾವೇ ಕಟ್ಟುತ್ತಿದ್ದರು ಎಂದು ಅದರಲ್ಲಿತ್ತು. ನಮ್ಮ ಮೇಷ್ಟ್ರು ಇದು ಅಚ್ಚಿನ ದೋಷವಿರಬೇಕೆಂದು ಮುಂದಿನ ಪುಟಕ್ಕೆ ಹೋದರು. ಅಲ್ಲೂ ಹಾಗೇ ಇತ್ತು. ಕೆಲವು ಮಾಲೀಕರು ತಾವೇ ಖರ್ಚು ಭರಿಸುತ್ತಿದ್ದರೆಂದು ಅಡಿಟಿಪ್ಪಣಿಯಲ್ಲಿತ್ತು, ಸಣ್ಣ ಅಕ್ಷರದಲ್ಲಿ. ನನಗೆ ಅರ್ಥವಾಗದ್ದು ಇಷ್ಟೇ: ಆ ಹಡಗಿನಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದವರು ಏನೂ ಕೊಡುತ್ತಿರಲಿಲ್ಲವೇ?

ನಮ್ಮಲ್ಲಿ ಕೊಡುತ್ತಾರೆ. ಹಡಗು ಮುಳುಗಿದರೆ ಯಾರು ಮುಳುಗುತ್ತಾರೋ ಅವರೇ ಅದನ್ನು ನಡೆಸುವವರ ಕಲಿಕೆಗೆ ಕೊಡಬೇಕು. ಇದಕ್ಕೆ ಮುಳುಗುಪಾಲು ಎಂದು ಹೆಸರು. ಕಲಿಯುವವರು ಮಾತ್ರ ಒಂದು ಕಾಸೂ ಕೊಡುವಂತಿಲ್ಲ, ಪೆನ್ಸಿಲು ಕೂಡ ಊರಿನದೇ. ಕೇಳುವುದಕ್ಕೆ ಸ್ವರ್ಗದಂತಿದೆ, ಅಲ್ಲವೇ? ಸ್ವಲ್ಪ ತಾಳಿ. ಪಾಲು ಕೊಟ್ಟ ಪ್ರತಿಯೊಬ್ಬರಿಗೂ ಪರೀಕ್ಷೆಯ ದಿನ ಹಡಗು ಹತ್ತಿ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ಕೊನೆಗೆ ಅಷ್ಟೂ ಜನ ಲೈಸೆನ್ಸಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಂದು ಹೆಬ್ಬೆಟ್ಟು ಕಡಿಮೆಯಾದರೂ ಆರು ವರ್ಷದ ಕಲಿಕೆ ನೀರಿನಲ್ಲಿ ಹೋಮ. ನನ್ನ ಪಾಲುದಾರರು ಇನ್ನೂರ ಹನ್ನೆರಡು ಮಂದಿ, ನನ್ನ ಅಮ್ಮನೂ ಸೇರಿ.

ಆರು ವರ್ಷ ಇನ್ನೂರ ಹನ್ನೆರಡು ಮಂದಿಯ ಕಣ್ಣಿನ ಮುಂದೆ ಬದುಕುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ನಾನು ಅಂಗಡಿಯಲ್ಲಿ ಎರಡನೇ ಬೋಂಡ ತೆಗೆದುಕೊಂಡರೆ, ನಡೆಸುಗಾತಿಗೆ ಹೊಟ್ಟೆ ಭಾರವಾಗಬಾರದೆಂದು ಯಾರಾದರೂ ವಾಪಸು ಇಡಿಸುತ್ತಿದ್ದರು. ಕನ್ನಡಕ ಹಾಕಿದ ದಿನ ಊರಿನಲ್ಲಿ ಸಭೆ ಸೇರಿತು. ಪರೀಕ್ಷೆಯ ಪ್ರಶ್ನೆಗಳಂತೂ ಇನ್ನೂ ಚೆಂದ. ಊಟವಾದ ಮೇಲೆ ತೂಕಡಿಸುತ್ತೀಯಾ ಎಂದು ಒಬ್ಬರು, ನಮ್ಮ ಅಕ್ಕನ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ, ನಿನ್ನ ಅಭಿಪ್ರಾಯವೇನು ಎಂದು ಇನ್ನೊಬ್ಬರು. ಎರಡಕ್ಕೂ ಇಲ್ಲವೆಂದೆ. ಪರೀಕ್ಷಕರಾದ ರಿಯಾಝ್ ಸಾಹೇಬರು ಎರಡಕ್ಕೂ ಅಂಕ ಕೊಟ್ಟರು.

ಅನಾಹುತವಾದದ್ದು ಅಳಿವೆಯ ಬಾಯಿಯಲ್ಲಿ. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ಮರಳು ದಿನಕ್ಕೊಂದು ಕಡೆ ಗುಡ್ಡೆಯಾಗುತ್ತದೆ. ಅದರ ಪಕ್ಕದಿಂದ ಹಡಗು ದಾಟಿಸುವುದೇ ನಿಜವಾದ ಪರೀಕ್ಷೆ. ತಮ್ಮ ಹಣದಲ್ಲಿ ಕಲಿತವಳು ಹೇಗೆ ದಾಟಿಸುತ್ತಾಳೆಂದು ಕಣ್ಣಾರೆ ಕಾಣಬೇಕೆಂದು ಅಷ್ಟೂ ಪಾಲುದಾರರು ಎದ್ದು ಬಲಗಡೆಯ ಕಂಬಿಯ ಬಳಿಗೆ ಬಂದು ನಿಂತರು. ಮೇಲಿನ ಅಂತಸ್ತಿನವರು ಸಹ. ಅಲೆ ಬರುವುದಕ್ಕೂ ಹಡಗು ಬಲಕ್ಕೆ ವಾಲುವುದಕ್ಕೂ ಸರಿಹೋಯಿತು. ಟೀ ಕೆಟಲು ನನ್ನ ಕಾಲ ಮುಂದೆಯೇ ಜಾರಿಹೋಯಿತು, ಅದರ ಹಿಂದೆ ಇಬ್ಬರು ವಕೀಲರು. ಪರೀಕ್ಷೆಯ ಹೊತ್ತಿನಲ್ಲಿ ಪಾಲುದಾರರಿಗೆ ಎದುರಾಡಬಾರದೆಂಬುದು ಸಂಪ್ರದಾಯ. ನನಗೆ ಆ ಸಂಪ್ರದಾಯ ನೆನಪಾಗಲಿಲ್ಲ. ಧ್ವನಿವರ್ಧಕ ಹಿಡಿದು ಕೂಗಿದೆ: “ಎಲ್ಲ ಎಡಕ್ಕ್ ಹೋಯಿನಿ. ಕೂಕಣಿ. ಬಾಯ್ ಮುಚ್ಚಿ ಕೂಕಣಿ. ಅಮ್ಮ, ನಿಂಗೂ ಸೇರ್ಸಿಯೇ ಹೇಳ್ತಿಪ್ಪುದ್.” ಮುಂದೆ ಇನ್ನೂ ಕೆಲವು ಮಾತು ಹೇಳಿದೆ, ಅವು ನಿಮ್ಮ ಬ್ಯಾಂಕ್ ನೋಟಿಸಿನಲ್ಲಿ ಇಲ್ಲದ ಪದಗಳು. ಜನ ಹೋಗಿ ಕುಳಿತರು, ಹಡಗು ನೆಟ್ಟಗಾಯಿತು, ನಾವು ದಾಟಿದೆವು.

ದಡ ಸೇರಿದ ಮೇಲೆ ಯಾರೂ ಹೆಬ್ಬೆಟ್ಟಿಗೆ ಮುಂದೆ ಬರಲಿಲ್ಲ. ಮುಖ ಊದಿಸಿಕೊಂಡು ನಿಂತಿದ್ದರು. ನಮ್ಮದೇ ದುಡ್ಡಿನಲ್ಲಿ ಕಲಿತು ನಮಗೇ ಬಾಯಿ ಮುಚ್ಚಿ ಅನ್ನುತ್ತಾಳೆ ಎಂದು ಗುಸುಗುಸು ಶುರುವಾಯಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ಮೀನು ಮಾರುವ ಚಿಕ್ಕಿ ಮರಕಾಲ್ತಿ, ಎಂಬತ್ತು ದಾಟಿದ ಹೆಂಗಸು, ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು. “ಕಾಣಿ, ನಾವ್ ದುಡ್ಡ್ ಕೊಟ್ಟದ್ದ್ ಎಂತಕ್? ಮುಳ್ಗು ಹೊತ್ತಿಗೆ ಯಾರಾರೂ ನಮ್ಗೆ ಗದರಿಸ್ಕ್ ಅಂದೇಳಿ ಅಲ್ದಾ? ಹೊಗ್ಳುಕ್ ಆರೆ ನನ್ನ ಅಳಿಯನೇ ಸಾಕಿತ್ತ್.” ಹೀಗೆಂದು ಮೊದಲ ಹೆಬ್ಬೆಟ್ಟು ಒತ್ತಿದಳು, ಮೀನಿನ ಹುರುಪೆ ಸಹಿತ. ಅವಳ ಹಿಂದೆ ಸಾಲು ಬೆಳೆಯಿತು. ವಕೀಲರು ಟೀ ಚೆಲ್ಲಿ ಒದ್ದೆಯಾದ ಬಟ್ಟೆಯಲ್ಲೇ ಒತ್ತಿದರು.

ಕೊನೆಗೆ ಉಳಿದದ್ದು ಒಂದೇ ಹೆಬ್ಬೆಟ್ಟು, ನನ್ನ ಅಮ್ಮನದು. ಬೈಗುಳಕ್ಕೆ ಅಮ್ಮ ಮುನಿಸಿಕೊಂಡಿದ್ದಾಳೆಂದು ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಅಮ್ಮ ನಗಲಿಲ್ಲ. ಇಡೀ ದಿನ ಅವಳು ತನ್ನ ಪ್ರಶ್ನೆ ಕೇಳಿರಲೇ ಇಲ್ಲ. ಈಗ ಮೇಜಿನ ಎದುರು ಬಂದು, ನನ್ನ ಮುಖ ನೋಡದೆ ಕೇಳಿದಳು: “ಹಡಗ್ ಮುಳ್ಗತಾ ಇದ್ರೆ ನೀ ಎಷ್ಟನೇಯವ್ಳಾಯಿ ಇಳಿತೆ?”

ನಗು ನಿಂತಿತು. ಇದಕ್ಕೆ ಪುಸ್ತಕದಲ್ಲಿ ಒಂದೇ ಉತ್ತರವಿದೆ, ಅದು ಅಮ್ಮನಿಗೂ ಗೊತ್ತು. ಬೇರೆ ಉತ್ತರ ಕೊಟ್ಟರೆ ರಿಯಾಝ್ ಸಾಹೇಬರು ಅಲ್ಲೇ ನಪಾಸು ಮಾಡುತ್ತಾರೆ. ಸರಿಯಾದ ಉತ್ತರ ಕೊಟ್ಟರೆ ಯಾವ ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ? ನನಗೆ ಅಳು ಬಂತು, ಮುಚ್ಚಿಡುವುದಿಲ್ಲ. ಕೊನೆಯವಳಾಗಿ ಎಂದೆ. ಅಮ್ಮ ಶಾಯಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ “ಇದನ್ ಕಲ್ಸುಕೆ ನಾನೂ ಕೊಟ್ಟಿದ್ದೆ” ಎಂದಳು, ಒತ್ತಿದಳು. ಕಾಗದ ಆ ಜಾಗದಲ್ಲಿ ಸ್ವಲ್ಪ ಹರಿದಿದೆ. ಆ ಲೈಸೆನ್ಸನ್ನು ಈಗ ಕಟ್ಟು ಹಾಕಿಸಿ ನನ್ನ ಚುಕ್ಕಾಣಿಯ ಮೇಲೆ ತೂಗುಹಾಕಿದ್ದೇನೆ.

ಹಿರಿಯರೇ, ನಿಮ್ಮ ಕಾಯಿದೆ ಬದಲಾಯಿಸಿ ಎಂದು ಹೇಳಲು ನಾನು ಯಾರು? ನೀವು ಬದಲಾಯಿಸುವುದಿಲ್ಲವೆಂದೂ ಇತಿಹಾಸದಲ್ಲಿ ಓದಿದ್ದೇನೆ. ಆದರೆ ನಿಮ್ಮ ಹಡಗುಗಳಲ್ಲೂ ಯಾರೋ ಒಬ್ಬರು ಕೊನೆಗೆ ಇಳಿಯಲು ಕಲಿತಿರುತ್ತಾರೆ, ಅದೂ ತಮ್ಮದೇ ಹಣ ಕಟ್ಟಿ. ಹಾಗಾಗಿ ನನ್ನದೊಂದು ಕೋರಿಕೆ. ದೋಣಿಯಿಂದ ಇಳಿದ ಕೂಡಲೇ ರಿಕ್ಷಾಕ್ಕೆ ಓಡಬೇಡಿ. ಒಮ್ಮೆ ತಿರುಗಿ ನಿಂತು, ನಡೆಸಿದವರು ಇಳಿದರೋ ಇಲ್ಲವೋ ನೋಡಿ.

ಇಂತು, ನೀವು ಕಾಣಲಾರದ ಮರಿಮಗಳು,
ತಾರಿಣಿ