ಬಿನ್ನವತ್ತಳೆಯ ನಾಲ್ಕನೆಯ ವಾಕ್ಯ

ಕ್ಯಾಂಪ್‌ಬೆಲ್
ನವೆಂಬರ್ ೫, ಬುಧವಾರ

ಪ್ರೀತಿಯ ಮಹ್ವಿಶ್,

ಇವತ್ತು ಬೆಳಿಗ್ಗೆ ಶೇಷಾದ್ರಿ ಮಾವ ಮಂಗಳಾರತಿಯ ತಟ್ಟೆ ಹಿಡಿದು ಆರೂವರೆಯಾಗುವವರೆಗೂ ಸುಮ್ಮನೆ ನಿಂತಿದ್ದರು. ನ್ಯೂಯಾರ್ಕಿನ ಷೇರುಪೇಟೆ ತೆರೆಯುವುದು ಇಲ್ಲಿನ ಆರೂವರೆಗೆ. ಫೋನಿನಲ್ಲಿ ಪೇಟೆ ಏರಿದ ಹಸಿರು ಕಂಡ ಮೇಲೆ ಕರ್ಪೂರ ಹಚ್ಚಿ ಗಂಟೆಯನ್ನು ಧಾರಾಳವಾಗಿ ಬಾರಿಸಿದರು. ಕೆಂಪು ಕಂಡ ದಿನ ದೇವರಿಗೆ ಎರಡೇ ಏಟು. ಓದಲೆಂದು ದೇಶ ಬಿಟ್ಟು ಬಂದು ಸೋದರಮಾವನ ಈ ಮನೆ ಸೇರಿ ಒಂದೂವರೆ ವರ್ಷವಾಯಿತು. ಮೂಲೆಯಲ್ಲಿ ನಿಂತು ಇಂಥದ್ದನ್ನು ನೋಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲವೆಂದು ನಿನಗೆ ಗೊತ್ತಲ್ಲ.

ಶನಿವಾರ ಫ್ರೀಮಾಂಟಿನಲ್ಲಿ ಕನ್ನಡ ಬಳಗದ ರಾಜ್ಯೋತ್ಸವ. ಮಾವ ಅದರ ಅಧ್ಯಕ್ಷರು. ಮುಖ್ಯ ಅತಿಥಿ ಇಲ್ಲಿನ ಒಬ್ಬ ಸ್ಥಳೀಯ ನಾಯಕ. ರಸ್ತೆ, ಪಾರ್ಕು, ಕಸದ ಗಾಡಿ ಅವನ ಪಾಲಿನ ಕೆಲಸ. ಮುಂದಿನ ವರ್ಷ ದೊಡ್ಡ ಹುದ್ದೆಗೆ ನಿಲ್ಲುತ್ತಾನಂತೆ. ಅದಕ್ಕೇ, ತನ್ನ ಅವಧಿಯಲ್ಲಿ ಷೇರುಪೇಟೆ ಇಷ್ಟು ಏರಿತೆಂದು ಮನೆಮನೆಗೆ ಬಣ್ಣದ ಕಾರ್ಡು ಕಳಿಸಿದ್ದಾನೆ. ಕಿಟಕಿ ಪಕ್ಕ ಕೂತ ಪ್ರಯಾಣಿಕ ಬಸ್ಸು ಓಡಿಸಿದ್ದು ತಾನೇ ಎಂದ ಹಾಗೆ.

ಅವನಿಗೆ ಬಿನ್ನವತ್ತಳೆ ಬರೆದು ವೇದಿಕೆಯಲ್ಲಿ ಓದುವವಳು ನಾನು. ಕನ್ನಡ ಎಂ.ಎ. ಮಾಡಿದವಳು ಮನೆಯಲ್ಲೇ ಇದ್ದಾಳಲ್ಲ. ‘ನಮ್ಮೆಲ್ಲರ ಉಳಿತಾಯಕ್ಕೆ ರೆಕ್ಕೆ ಮೂಡಿಸಿದ ಧೀಮಂತರೇ’ ಎಂದು ಮೊದಲ ವಾಕ್ಯವನ್ನು ಮಾವನೇ ದಯಪಾಲಿಸಿದರು. ಏಪ್ರಿಲ್‌ನಲ್ಲಿ ಪೇಟೆ ಕುಸಿದಾಗಲೂ ಇದೇ ಧೀಮಂತರು ಇದ್ದರಲ್ಲ ಎಂದು ಮೆಲ್ಲಗೆ ಕೇಳಿದೆ.

“ಬೀಳೋದು ಗ್ಲೋಬಲ್ ರೀಸನ್ಸು ಕಣಮ್ಮ,” ಎಂದರು ಮಾವ. “ಏರೋದು ಲೀಡರ್‌ಶಿಪ್ಪು.”

ಬಳಗದ ಕಾರ್ಯದರ್ಶಿ ಜಯರಾಮ್ ಎದುರಿಗೆ ಕೂತು ತಲೆಯಾಡಿಸಿದರು. ಇಬ್ಬರೂ ಎಂಜಿನಿಯರುಗಳು. ಆಫೀಸಿನಲ್ಲಿ ಒಂದು ಸಣ್ಣ ದೋಷದ ಕಾರಣ ಒಪ್ಪಬೇಕಾದರೂ ವಾರಗಟ್ಟಲೆ ಪುರಾವೆ ಕೇಳುವವರು. ಹಾರ ಹಾಕುವ ಹೊತ್ತಿಗೆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಾರೆ.

ನಿನಗೆ ಇಷ್ಟು ದಿನ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಮೂರು ವಾರದ ಹಿಂದೆ ಅತ್ತೆಯ ಕೆಲಸ ಹೋಯಿತು. ಪಾಲೋ ಆಲ್ಟೋದ ಆ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದರು. ಒಂದೇ ಈಮೇಲಿನಲ್ಲಿ ಒಂಬೈನೂರು ಜನರನ್ನು ತೆಗೆದರು. ಅದೇ ದಿನ ಕಂಪನಿಯ ಷೇರು ಏರಿತು. ಸಮಾರಂಭ ಮುಗಿಯುವವರೆಗೆ ಯಾರಿಗೂ ತಿಳಿಯಕೂಡದೆಂದು ಮಾವ ಅತ್ತೆಗೆ ತಾಕೀತು ಮಾಡಿದ್ದಾರೆ. ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆ ಉಟ್ಟು ಅತಿಥಿಗೆ ಗಂಧದ ಹಾರ ಹಾಕಬೇಕಲ್ಲ. ಅಕ್ಕಪಕ್ಕದ ಕನ್ನಡದವರು ನೋಡಲೆಂದು ಅತ್ತೆ ಈಗಲೂ ಏಳೂವರೆಗೆ ಕಾರು ಹೊರಡಿಸುತ್ತಾರೆ. ಲೈಬ್ರರಿಯ ಪಾರ್ಕಿಂಗಿನಲ್ಲಿ ಕೂತಿದ್ದು ಐದಕ್ಕೆ ವಾಪಸಾಗುತ್ತಾರೆ.

ನಿನ್ನೆ ಸಂಜೆ ಕರಡನ್ನು ಅವರಿಗೆ ಓದಿ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿಸಿಕೊಂಡರು.

“ಷೇರು ಏರಿಸಿದ್ದಕ್ಕೆ ಹಾರ ಹಾಕೋದಾದ್ರೆ ನಂಗೇ ಹಾಕ್ಬೇಕಲ್ವೇನೇ?” ಎಂದರು. “ಏರಿಸಿದ್ದು ನಾವು ಒಂಬೈನೂರು ಜನ. ಎದ್ದು ಹೋಗಿ ಏರಿಸಿದ್ವಿ.”

ಅದನ್ನೇ ಬರೆಯಲೇ ಎಂದೆ. ಕೈಯಲ್ಲಿದ್ದ ಕಾಯನ್ನು ಮುರಿದು ಪಾತ್ರೆಗೆ ಹಾಕಿದರು. ಆಮೇಲೆ, ಬರಿ, ನನ್ನ ಹೆಸರು ಹಾಕಿಯೇ ಬರಿ ಎಂದರು. ಕಾರಿನಲ್ಲಿ ಕೂತು ಬೆನ್ನು ಹಿಡಿದುಹೋಗಿದೆ ಎಂದರು.

ಅತಿಥಿಗೆ ಕನ್ನಡ ಬರುವುದಿಲ್ಲ. ಅವನಿಗಾಗಿ ಇಂಗ್ಲಿಷಿನ ಪ್ರತಿಗೆ ಚೌಕಟ್ಟು ಹಾಕಿಸಿದ್ದಾರೆ. ನಾನು ಓದುವಷ್ಟು ಹೊತ್ತೂ ಅವನು ಕೈಮುಗಿದು ನಗುತ್ತಿರುತ್ತಾನೆ. ಕನ್ನಡ ಬರುವ ಮುನ್ನೂರು ಜನ ಎದುರಿಗಿರುತ್ತಾರೆ. ಅವರ ಮುಂದೆ ಅತ್ತೆಯ ವಾಕ್ಯವನ್ನು, ನಾಲ್ಕನೆಯದನ್ನು, ಓದಿಯೇ ಕೆಳಗಿಳಿಯುತ್ತೇನೆ.

ನಿನ್ನ
ಸಂಯುಕ್ತಾ

ತಾ.ಕ.: ಮಾವ ನೋಡಿ ಒಪ್ಪಿದ ಪ್ರತಿಯಲ್ಲಿ ಇರುವುದು ಮೂರೇ ವಾಕ್ಯ. ಭಾನುವಾರದಿಂದ ಫ್ರೀಮಾಂಟಿನಲ್ಲಿ ಒಂದು ರೂಮು ಗೊತ್ತುಮಾಡಿಕೊಂಡಿದ್ದೇನೆ. ಅದರಲ್ಲಿ ಎರಡು ಮಂಚ ಹಿಡಿಯುತ್ತವೆಯೇ ಎಂದು ಅತ್ತೆ ಕೇಳಿದರು. ಹಿಡಿಯುತ್ತವೆ ಎಂದೆ.